ದಖ್ಖನದ ಹಬಶಿ ವೀರ ಮಲಿಕ್ ಅಂಬರ

(ಅಂತಿಮ ಬಿ.ಎ. ವಿದ್ಯಾರ್ಥಿ, ಬಂಡ್ರಿ)

ಕ್ರಿ.ಶ. 1565ರ ಜನವರಿಯಲ್ಲಿ ದಖ್ಖನದ ಸುಲ್ತಾನರು ಒಂದುಗೂಡಿ ವಿಜಯನಗರದ ಸೈನ್ಯವನ್ನು ಮುರಿದರೆಂಬುದನ್ನೂ, ಅಳಿಯ ರಾಮರಾಯನು ಆ ರಣರಂಗದಲ್ಲಿಯೇ ತಲೆ ಕೊಟ್ಟನೆಂಬುದನ್ನೂ, ಅನಂತರ ಹಂಪೆಯು ಹಾಳು ಬಿದ್ದಿತೆಂಬುದನ್ನೂ ನಮ್ಮ ಸೀಮೆಯ ಮಕ್ಕಳು ಅಕ್ಷರ ಕಲಿಯುವ ಮೊದಲೇ ಕೇಳಿ ತಿಳಿದಿರುತ್ತಾರೆ. ಅದೇ ಕಾಲದಲ್ಲಿ ಕಡಲಿನಾಚೆ ಹದಿನಾರು ಹದಿನೇಳು ವರ್ಷದ ಕಪ್ಪು ಹುಡುಗನೊಬ್ಬನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಮಾರಾಟವಾಗುತ್ತಿದ್ದನು. ರಾಮರಾಯನನ್ನು ಕೊಂದ ಅಹಮದನಗರದ ನಿಜಾಮಶಾಹಿ ರಾಜ್ಯಕ್ಕೇ ಈ ಹುಡುಗನು ಹತ್ತು ವರ್ಷದೊಳಗೆ ಗುಲಾಮನಾಗಿ ಬಂದು ಸೇರಿದನು. ಮೂವತ್ತೈದು ವರ್ಷಗಳಾಗುವಷ್ಟರಲ್ಲಿ ಆ ರಾಜ್ಯದ ಸಿಂಹಾಸನದ ಮೇಲೆ ಯಾರು ಕೂಡಬೇಕೆಂಬುದನ್ನು ಗೊತ್ತುಮಾಡುವವನಾದನು. ಮೊಗಲ್ ಚಕ್ರವರ್ತಿಯ ಸೇನೆಗಳನ್ನು ಸುಮಾರು ಕಾಲು ಶತಮಾನದವರೆಗೆ ನರ್ಮದೆಯಿಂದೀಚೆಗೆ ನೆಮ್ಮದಿಯಾಗಿ ನಿಲ್ಲಗೊಡಲಿಲ್ಲ. ಇವನೇ ಮಲಿಕ್ ಅಂಬರ.

ಇವನ ಯುದ್ಧಗಳನ್ನು ನಮ್ಮ ಇತಿಹಾಸದ ಪಠ್ಯಗಳು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತವೆ. ಇವನ ಬಾಲ್ಯವನ್ನಂತೂ ಮುಟ್ಟುವುದೇ ಇಲ್ಲ. ಆದರೆ ಈ ಲೇಖಕನಿಗೆ ಇವನ ಜೀವನದಲ್ಲಿ ಅತ್ಯಂತ ಚಿಂತನೀಯವಾಗಿ ತೋರುವುದು ಆ ಬಾಲ್ಯವೇ. ಹೆತ್ತವರಿಂದ ಅಗಲಿ, ಬೇರೆ ಬಣ್ಣದವರ ಮನೆಯಲ್ಲಿ, ಬೇರೆ ಭಾಷೆಯಲ್ಲಿ, ಬೇರೆ ಧರ್ಮದಲ್ಲಿ, ಬೇರೆ ಹೆಸರಿನಿಂದ ಬೆಳೆದ ಮಗುವು ತಾನು ಯಾರವನೆಂದು ತಿಳಿಯಬೇಕು? ಸಾಕಿದವರವನೇ? ಹೆತ್ತವರವನೇ? ಅಥವಾ ತನ್ನ ಮೈಬಣ್ಣವನ್ನು ನೋಡಿ ಊರ ಜನರು ಏನೆಂದು ಕರೆಯುವರೋ ಅದೇ ಅವನೇ?

ಅಂಬರನು ಸುಮಾರು 1548ರಲ್ಲಿ ಇಥಿಯೋಪಿಯಾ ದೇಶದಲ್ಲಿ ಹುಟ್ಟಿದನು. ಆ ದೇಶವನ್ನು ಅರಬರು ಹಬಶ್ ಎಂದು ಕರೆಯುತ್ತಿದ್ದರು. ಅಲ್ಲಿಂದ ಬಂದವರಿಗೆ ದಖ್ಖನದಲ್ಲಿ ಹಬಶಿಗಳೆಂದು ಹೆಸರಾಯಿತು. ತಾಯಿತಂದೆಗಳು ಅವನನ್ನು ಕರೆಯುತ್ತಿದ್ದ ಹೆಸರು ಚಾಪು. ಎಳೆಯ ವಯಸ್ಸಿನಲ್ಲಿಯೇ ಅವನು ಗುಲಾಮರ ವ್ಯಾಪಾರಿಗಳ ಕೈಸೇರಿದನು. ಕೆಂಪು ಸಮುದ್ರದ ದಡದಲ್ಲಿರುವ ಮೋಖಾ ಎಂಬ ರೇವುಪಟ್ಟಣದಲ್ಲಿ ಅವನ ಬೆಲೆ ಎಂಬತ್ತು ಗಿಲ್ಡರು ಆಯಿತೆಂದು, ಬಹಳ ವರ್ಷಗಳ ಮೇಲೆ ಅವನನ್ನು ಕಣ್ಣಾರೆ ಕಂಡ ಡಚ್ ವ್ಯಾಪಾರಿ ಪೀಟರ್ ವಾನ್ ಡೆನ್ ಬ್ರೂಕನು ಬರೆದಿಟ್ಟಿದ್ದಾನೆ. ಮುಂದೆ ಒಂದು ರಾಜ್ಯವನ್ನೇ ಹೊತ್ತು ನಿಂತ ತಲೆಯ ಬೆಲೆ ಅಷ್ಟು!

ಅಲ್ಲಿಂದ ಹುಡುಗನು ಬಾಗ್ದಾದಿಗೆ ಹೋದನು. ಅಲ್ಲಿ ಅವನನ್ನು ಕೊಂಡವನು ಮೀರ್ ಕಾಸಿಂ ಎಂಬ ವರ್ತಕನು. ಹುಡುಗನ ಬುದ್ಧಿಯ ಚುರುಕನ್ನು ಕಂಡು ಈತನು ಅವನಿಗೆ ಓದು ಬರಹವನ್ನು ಕಲಿಸಿದನು, ಇಸ್ಲಾಂ ಧರ್ಮಕ್ಕೆ ಸೇರಿಸಿದನು, ಹೊಸ ಹೆಸರನ್ನೂ ಇಟ್ಟನು. ಅಂಬರ ಎಂದೊಡನೆ ನಮಗೆ ಆಕಾಶವು ನೆನಪಾಗುತ್ತದೆ. ಅದು ಸಂಸ್ಕೃತದ ಅಂಬರ. ಈ ಅಂಬರವು ಅರಬರದು. ತಿಮಿಂಗಿಲದ ಹೊಟ್ಟೆಯಲ್ಲಿ ಹುಟ್ಟಿ ಕಡಲ ದಡಕ್ಕೆ ತೇಲಿಬರುವ, ಬಹಳ ಬೆಲೆಬಾಳುವ ಒಂದು ಸುಗಂಧ ದ್ರವ್ಯ. ಆ ಕಾಲದ ಗುಲಾಮರ ಹೆಸರುಗಳನ್ನು ಒಂದೆಡೆ ಸೇರಿಸಿ ನೋಡಿದರೆ ಒಂದು ವಿಚಿತ್ರವು ಕಾಣುತ್ತದೆ. ಯಾಕೂತನೆಂದರೆ ಮಾಣಿಕ್ಯ, ಮರ್ಜಾನನೆಂದರೆ ಹವಳ, ಕಾಫೂರನೆಂದರೆ ಕರ್ಪೂರ, ರೈಹಾನನೆಂದರೆ ಕಾಮಕಸ್ತೂರಿಯಂತಹ ಪರಿಮಳದ ಗಿಡ. ಹೆಸರುಗಳೇನೋ ಸೊಗಸಾಗಿವೆ. ಆದರೆ ಇವೆಲ್ಲವೂ ಅಂಗಡಿಯಲ್ಲಿ ತೂಗಿ ಮಾರುವ ಪದಾರ್ಥಗಳು. ಕೊಂಡವನು ಕೊಂಡ ವಸ್ತುವಿಗೆ ಪ್ರೀತಿಯಿಂದ ಇಟ್ಟ ಹೆಸರು ಹೀಗೆಯೇ ಇರುತ್ತದೆಯೆಂದು ತೋರುತ್ತದೆ.

ಮೀರ್ ಕಾಸಿಮನು ಅಂಬರನನ್ನು ಮಗನಂತೆ ಸಾಕಿದನೆಂದು ಹೇಳುವವರಿದ್ದಾರೆ. ಆ ಕಾಲದ ಮುಸಲ್ಮಾನ ದೇಶಗಳಲ್ಲಿ ಗುಲಾಮನು ಒಡೆಯನ ಕುಟುಂಬದೊಳಗಿನವನೆಂದೇ ಎಣಿಕೆಯಾಗುತ್ತಿದ್ದುದು ನಿಜ. ಅವನ ಊಟ, ಬಟ್ಟೆ, ವಿದ್ಯೆ, ಮದುವೆ ಎಲ್ಲವೂ ಒಡೆಯನ ಹೊಣೆ. ಅನೇಕ ಒಡೆಯರು ಸಾಯುವ ಮುನ್ನ ಅವರಿಗೆ ಬಿಡುಗಡೆ ಕೊಡುತ್ತಿದ್ದರು. ಅಮೆರಿಕಾದ ಹತ್ತಿಯ ತೋಟಗಳ ಗುಲಾಮಗಿರಿಯೊಡನೆ ಇದನ್ನು ಸರಿದೂಗಿಸುವುದು ಯುಕ್ತವಲ್ಲ. ಆದರೂ ಮೀರ್ ಕಾಸಿಮನು ಈ ಮಗನನ್ನು ದಖ್ಖನಕ್ಕೆ ತಂದು ಮತ್ತೆ ಮಾರಿದನೆಂಬುದನ್ನು ಮರೆಯಬಾರದು. ನಮ್ಮ ಹಳ್ಳಿಗಳಲ್ಲಿ ಸಾಕುಮಗನೆಂಬ ಮಾತಿದೆ. ಸಾಕುಮಗನಿಗೆ ಆಸ್ತಿಯಲ್ಲಿ ಪಾಲು ಕೊಡದ ಕೃಪಣರನ್ನು ನಾವು ಕಂಡಿದ್ದೇವೆ. ಸಂತೆಗೆ ಹೊಡೆದುಕೊಂಡು ಹೋಗಿ ಮಾರಿದವರನ್ನು ಕಂಡಿಲ್ಲ. ಆದುದರಿಂದ ಅಂಬರನು ಬಾಗ್ದಾದಿನಲ್ಲಿ ವಿದ್ಯೆಯನ್ನು ಪಡೆದನೆಂದು ಹೇಳೋಣ, ತಂದೆಯನ್ನು ಪಡೆದನೆಂದು ಹೇಳುವುದು ಬೇಡ.

1570ರ ಸುಮಾರಿನಲ್ಲಿ ಅವನು ದಖ್ಖನಕ್ಕೆ ಬಂದನು. ಇಲ್ಲಿ ಅವನನ್ನು ಕೊಂಡವನು ಅಹಮದನಗರದ ಪೇಶ್ವೆಯಾದ, ಎಂದರೆ ಮುಖ್ಯಮಂತ್ರಿಯಾದ, ಚಂಗೀಜಖಾನನು. ಈತನ ಬಳಿ ಸಾವಿರ ಜನ ಹಬಶಿ ಗುಲಾಮರಿದ್ದರು. ಅಂಬರನು ಅವರಲ್ಲಿ ಒಬ್ಬನಾದನು. ಇಷ್ಟೇ ಆಗಿದ್ದರೆ ಹೇಳತಕ್ಕ ವಿಶೇಷವೇನೂ ಇರಲಿಲ್ಲ. ವಿಶೇಷವೇನೆಂದರೆ, ಈ ಚಂಗೀಜಖಾನನೂ ಹಬಶಿಯೇ. ಅವನೂ ಒಮ್ಮೆ ಗುಲಾಮನಾಗಿಯೇ ಈ ನಾಡಿಗೆ ಬಂದವನು.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹುಟ್ಟಿದ ಊರನ್ನು ಬಿಟ್ಟ ಮೇಲೆ ಆ ಹುಡುಗನು ತನ್ನ ಬಣ್ಣದವರನ್ನು ಎಲ್ಲಿ ಕಂಡಿದ್ದನು? ಹಡಗಿನ ತಳದಲ್ಲಿ, ಸಂತೆಯ ಕಟ್ಟೆಯ ಮೇಲೆ, ನೀರು ಹೊರುವಲ್ಲಿ, ಕುದುರೆಯ ಲಾಯದಲ್ಲಿ. ಅಹಮದನಗರಕ್ಕೆ ಬಂದ ದಿನ, ತನ್ನಂತಹುದೇ ಮುಖದ ಒಬ್ಬ ಮನುಷ್ಯನು ರಾಜ್ಯದ ಮೊಹರನ್ನು ಕೈಯಲ್ಲಿ ಹಿಡಿದು ಕುಳಿತಿರುವುದನ್ನೂ, ಬಿಳಿಯ ಮೈಯ ಪರ್ಶಿಯಾದವರೂ ಈ ನಾಡಿನ ಸರದಾರರೂ ಅವನ ಮುಂದೆ ಕೈಕಟ್ಟಿ ನಿಂತಿರುವುದನ್ನೂ ಕಂಡನು. ಮನೆತನದಲ್ಲಿ ಮೊಟ್ಟಮೊದಲಿಗನಾಗಿ ಕಾಲೇಜಿನ ಮೆಟ್ಟಿಲು ತುಳಿದವನಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ತನ್ನ ಕಡೆಯ ಮಾತನಾಡುವ, ತನ್ನಂತಹುದೇ ಮನೆಯಿಂದ ಬಂದ ಒಬ್ಬರು ಉಪನ್ಯಾಸಕರ ಪೀಠದಲ್ಲಿ ನಿಂತಿದ್ದರೆ, ಅವರು ನಮಗೆ ಪಾಠ ಹೇಳದಿದ್ದರೂ ಒಂದು ಪಾಠವಾಗಿರುತ್ತದೆ.

ಈ ಪ್ರಶ್ನೆಯು ಹಳೆಯ ಕಾಲದ್ದೆಂದು ತಿಳಿಯಬಾರದು. ಅಮೆರಿಕಾದಲ್ಲಿ ಅನಾಥರಾದ ನೀಗ್ರೋ ಮಕ್ಕಳನ್ನು, ಎಂದರೆ ಇಂದು ಆಫ್ರಿಕನ್ ಅಮೆರಿಕನ್ನರೆಂದು ಕರೆಯಿಸಿಕೊಳ್ಳುವವರ ಮಕ್ಕಳನ್ನು, ಬಿಳಿಯ ದಂಪತಿಗಳು ದತ್ತು ತೆಗೆದುಕೊಳ್ಳುವ ವಾಡಿಕೆಯು 1960ರ ಮೇಲೆ ಬೆಳೆಯಿತು. 1972ರಲ್ಲಿ ಅಲ್ಲಿಯ ಕಪ್ಪು ಸಮಾಜಸೇವಾ ಕಾರ್ಯಕರ್ತರ ರಾಷ್ಟ್ರೀಯ ಸಂಘವು ಇದನ್ನು ಬಲವಾಗಿ ವಿರೋಧಿಸಿತು. ಪ್ರೀತಿಯಿಂದ ಸಾಕಿದರೂ ಅಂತಹ ಮಗುವು ತನ್ನವರ ನಡುವೆ ಬೆಳೆಯದೆ ತನ್ನನ್ನೇ ಅರಿಯಲಾರದು, ಬೀದಿಗೆ ಇಳಿದಾಗ ಎದುರಾಗುವ ಅವಮಾನವನ್ನು ತಾಳಿಕೊಳ್ಳುವುದನ್ನು ಕಲಿಯಲಾರದು ಎಂಬುದು ಅವರ ವಾದವಾಗಿತ್ತು. ಮಗುವಿಗೆ ಮೊದಲು ಬೇಕಾದುದು ಮನೆ, ಬಣ್ಣದ ವಿಚಾರವು ಅನಂತರದ್ದು ಎಂದವರೂ ಇದ್ದರು. 1994ರಲ್ಲಿ ಅಲ್ಲಿ ಕಾನೂನೇ ಆಯಿತು. ವರ್ಣದ ಕಾರಣದಿಂದ ಮಗುವಿಗೆ ಮನೆಯು ದೊರೆಯುವುದನ್ನು ತಡಮಾಡಬಾರದೆಂದು ಅದು ವಿಧಿಸಿತು, 1996ರಲ್ಲಿ ಇನ್ನೂ ಬಿಗಿಯಾಯಿತು. ವಾದವು ಮಾತ್ರ ಮುಗಿಯಲಿಲ್ಲ. ಎರಡು ಪಕ್ಷದವರೂ ಅಂಬರನ ಕಥೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳಬಹುದು. ಬಾಗ್ದಾದಿನ ಬಿಳಿಯ ಒಡೆಯನು ವಿದ್ಯೆಯನ್ನು ಕೊಡದಿದ್ದರೆ ಅಂಬರನಿಲ್ಲ. ಅಹಮದನಗರದ ಕಪ್ಪು ಒಡೆಯನನ್ನು ಕಾಣದಿದ್ದರೆ ಆ ವಿದ್ಯೆಯಿಂದ ಅವನು ಬಾಗ್ದಾದಿನ ಯಾವುದೋ ಮಳಿಗೆಯಲ್ಲಿ ಲೆಕ್ಕ ಬರೆಯುತ್ತಿದ್ದನು. ನನಗಂತೂ ಎರಡನೆಯದೇ ಹೆಚ್ಚು ತೂಕದ್ದೆಂದು ತೋರುತ್ತದೆ.

ಚಂಗೀಜಖಾನನು 1574-75ರಲ್ಲಿ ತೀರಿಕೊಂಡನು. ಅವನ ವಿಧವೆಯು ಅಂಬರನಿಗೆ ಬಿಡುಗಡೆಯನ್ನು ಕೊಟ್ಟಳು. ಇಪ್ಪತ್ತೈದು ಇಪ್ಪತ್ತಾರು ವರ್ಷದ ಈ ಯುವಕನಿಗೆ ಈಗ ಒಡೆಯನಿಲ್ಲ. ಅವನು ಎಲ್ಲಿಗೆ ಹೋಗಬೇಕು? ಪರ್ಶಿಯಾದಿಂದ ಬಂದ ಸರದಾರರಿಗೆ ಇಲ್ಲಿ ಸರಿಹೋಗದಿದ್ದರೆ ಹಡಗು ಹತ್ತಿ ತಮ್ಮ ನಾಡಿಗೆ ಮರಳಬಹುದಾಗಿತ್ತು. ಅವರ ಪತ್ರಗಳು ಅಲ್ಲಿಗೆ ಹೋಗುತ್ತಿದ್ದವು, ಅವರ ಬಂಧುಗಳು ಅಲ್ಲಿಂದ ಬರುತ್ತಿದ್ದರು. ಹಬಶಿಗೆ ಅಂತಹ ನಾಡು ಉಳಿದಿರಲಿಲ್ಲ. ಹೋದರೆ ಗುರುತಿಸುವವರು ಯಾರು? ಯಾವ ಭಾಷೆಯಲ್ಲಿ ಮಾತನಾಡಬೇಕು? ಆದುದರಿಂದಲೇ ದಖ್ಖನದ ದರಬಾರುಗಳಲ್ಲಿ ಪರದೇಶಿಗಳ ಪಕ್ಷಕ್ಕೂ ದಖ್ಖನಿಗಳ ಪಕ್ಷಕ್ಕೂ ನಡೆಯುತ್ತಿದ್ದ ದೀರ್ಘ ಜಗಳದಲ್ಲಿ ಹಬಶಿಗಳು ಬಹುಮಟ್ಟಿಗೆ ದಖ್ಖನಿಗಳ ಪಕ್ಷವನ್ನೇ ಹಿಡಿದರು. ಎಲ್ಲರಿಗಿಂತ ದೂರದಿಂದ ಬಂದವರು ಎಲ್ಲರಿಗಿಂತ ಬೇಗ ಈ ಮಣ್ಣಿನವರಾದರು. ಅವರ ಮಕ್ಕಳು ಇಲ್ಲಿಯ ಭಾಷೆಗಳನ್ನೇ ಮನೆಯ ಮಾತಾಗಿ ಆಡಿದರು.

ಅಂಬರನು ಕರೀಮಾ ಎಂಬ ಹಬಶಿ ಕನ್ಯೆಯನ್ನು ಮದುವೆಯಾದನು. ಇದು ಅವನು ತಾನಾಗಿ ಆರಿಸಿಕೊಂಡ ಮೊದಲನೆಯ ಬಂಧುತ್ವವೆಂದು ಹೇಳಬಹುದು. ಮುಂದೆ ಮಗನಿಗೆ ಹೆಣ್ಣು ತಂದುದೂ ಹಬಶಿಯರಲ್ಲಿಯೇ. ಬಿಜಾಪುರದ ಪ್ರಬಲ ಸರದಾರನಾಗಿದ್ದ ಯಾಕೂತಖಾನನ ಮಗಳು ಅವನ ಸೊಸೆಯಾಗಿ ಬಂದಳು. ಆದರೆ ಮಗಳನ್ನು ಕೊಟ್ಟುದು ಬೇರೆ ಕಡೆಗೆ. ಅದನ್ನು ಮುಂದೆ ಹೇಳುತ್ತೇನೆ.

ಇಪ್ಪತ್ತು ವರ್ಷಗಳ ಕಾಲ ಅವನು ಕೂಲಿಯ ಸಿಪಾಯಿಯಾಗಿ ಅಲೆದನು. ಆ ಅಲೆದಾಟದಲ್ಲಿ ನಮ್ಮ ಕರ್ನಾಟಕಕ್ಕೂ ಬಂದು ಬಿಜಾಪುರದ ಆದಿಲಶಾಹಿಯ ಸೇವೆಗೆ ಸೇರಿದನು. ಬಿಜಾಪುರವು ಹಬಶಿಗಳಿಗೆ ಹೊಸದಲ್ಲ. ಎರಡನೆಯ ಇಬ್ರಾಹಿಮನು ಬಾಲಕನಾಗಿದ್ದಾಗ 1582ರಿಂದ 1590ರವರೆಗೆ ಅವನ ಹೆಸರಿನಲ್ಲಿ ರಾಜ್ಯವಾಳಿದ ದಿಲಾವರಖಾನನು ಹಬಶಿಯೇ. ಬೀದರಿನಲ್ಲಿ ಹಬಶಿ ಸರದಾರರ ಗೋರಿಗಳಿರುವ ಗುಡ್ಡಕ್ಕೆ ಇಂದಿಗೂ ಹಬಶಿ ಕೋಟೆಯೆಂದು ಹೆಸರಿದೆ. ಬಿಜಾಪುರದಲ್ಲಿ ಅಂಬರನಿಗೆ ಒಂದು ಚಿಕ್ಕ ತುಕಡಿಯ ನಾಯಕತ್ವವೂ ಮಲಿಕ್ ಎಂಬ ಬಿರುದೂ ದೊರೆತವು. ಚಾಪು ಎಂಬುದು ಹೆತ್ತವರು ಕೊಟ್ಟ ಹೆಸರು. ಅಂಬರನೆಂಬುದು ಕೊಂಡವನು ಕೊಟ್ಟ ಹೆಸರು. ಮಲಿಕನೆಂಬುದು ತೋಳ್ಬಲದಿಂದ ಗಳಿಸಿದ್ದು. ಗಳಿಸಿದ ಹೆಸರನ್ನು ಮುಂದಿಟ್ಟುಕೊಂಡನೇ ಹೊರತು ಕೊಂಡವನ ಹೆಸರನ್ನು ಬಿಡಲಿಲ್ಲ. ಸ್ವತಂತ್ರನಾದ ಮೇಲೆ ಅದನ್ನು ಕಳಚಿಹಾಕಬಹುದಾಗಿತ್ತಲ್ಲವೇ?

ಈ ಮಾತಿಗೆ ನಮ್ಮ ಪಂಪನ ಕರ್ಣನು ನೆನಪಾಗುತ್ತಾನೆ. ಅವನೂ ಒಂದು ಮನೆಯಲ್ಲಿ ಹುಟ್ಟಿ ಇನ್ನೊಂದು ಮನೆಯಲ್ಲಿ ಬೆಳೆದವನು. ಸೂತನ ಮನೆಯ ಅನ್ನವನ್ನು ಉಂಡವನೆಂದು ತುಂಬಿದ ಸಭೆಯಲ್ಲಿ ಹೀಯಾಳಿಸಿಕೊಂಡವನು. ಆದರೂ ಅವನ ಕಿವಿಯ ಕುಂಡಲ, ಮೈಯ ಕವಚಗಳು ಉತ್ತಮ ಕುಲದ ಸಾಕ್ಷಿಯಾಗಿದ್ದವು. ಕೊನೆಯಲ್ಲಿ ಕುಂತಿಯೇ ಹುಡುಕಿಕೊಂಡು ಬಂದಳು. ಅಂಬರನ ಮೈಮೇಲಿದ್ದ ಸಾಕ್ಷಿಯೇ ಬೇರೆ. ಅದನ್ನು ಕಂಡವರು ಅವನನ್ನು ರಾಜಪುತ್ರನೆಂದು ಊಹಿಸಲಿಲ್ಲ, ಒಂದು ಕಾಲದ ಗುಲಾಮನೆಂದು ಊಹಿಸಿದರು. ಯಾವ ಕುಂತಿಯೂ ಬರಲಿಲ್ಲ.

ಬಿಜಾಪುರದಲ್ಲಿ ತಕ್ಕ ಆದರ ದೊರೆಯದೆ 1595ರಲ್ಲಿ ಅವನು ಅಹಮದನಗರಕ್ಕೆ ಮರಳಿದನು. ಅಲ್ಲಿ ಅಭಂಗಖಾನನೆಂಬ ಇನ್ನೊಬ್ಬ ಹಬಶಿ ನಾಯಕನ ಕೈಕೆಳಗೆ ನೂರೈವತ್ತು ಕುದುರೆಗಳ ಅಧಿಕಾರವು ದೊರೆಯಿತು. ಅದೇ ವರ್ಷದ ಕೊನೆಗೆ ಅಕ್ಬರನ ಸೇನೆಯು ಅಹಮದನಗರವನ್ನು ಮುತ್ತಿತು. ಕೋಟೆಯನ್ನು ಕಾದ ಚಾಂದಬೀಬಿಯು ನಮಗೆ ಅಪರಿಚಿತಳಲ್ಲ. ವಿಜಯನಗರದ ವಿರುದ್ಧ ಸುಲ್ತಾನರ ಒಕ್ಕೂಟವು ಕೂಡಿದಾಗ, ಅದರ ಕಟ್ಟಾಗಿ ಬಿಜಾಪುರದ ಅಲಿ ಆದಿಲಶಹನಿಗೆ ಮದುವೆಮಾಡಿಕೊಟ್ಟ ಹುಸೇನ ನಿಜಾಮಶಹನ ಮಗಳೇ ಅವಳು. ಅಂಬರನು ಮೊಗಲರ ಮುತ್ತಿಗೆಯ ಸಾಲನ್ನು ಭೇದಿಸಿ ಹೊರಬಿದ್ದು, ಚದರಿದ ಸೈನಿಕರನ್ನು ಕೂಡಿಸತೊಡಗಿದನು. ನೂರೈವತ್ತು ಕುದುರೆಗಳು ಮೂರು ಸಾವಿರವಾದವು, ಮೂರು ಸಾವಿರವು ಏಳು ಸಾವಿರವಾಯಿತು. 1600ರಲ್ಲಿ ಚಾಂದಬೀಬಿಯು ತನ್ನವರಿಂದಲೇ ಹತಳಾಗಿ ಕೋಟೆಯು ಮೊಗಲರ ವಶವಾಯಿತು. ಇನ್ನು ನಿಜಾಮಶಾಹಿಯು ಮುಗಿಯಿತೆಂದೇ ಎಲ್ಲರೂ ತಿಳಿದರು.

ಅಂಬರನು ಹಾಗೆ ತಿಳಿಯಲಿಲ್ಲ. ಅದೇ ವರ್ಷ ರಾಜವಂಶದ ಇಪ್ಪತ್ತು ವರ್ಷದ ತರುಣನೊಬ್ಬನನ್ನು ಹುಡುಕಿ ತಂದು, ಪರಾಂಡೆಯ ಕೋಟೆಯಲ್ಲಿ ಎರಡನೆಯ ಮುರ್ತಜಾ ನಿಜಾಮಶಹನೆಂಬ ಹೆಸರಿನಿಂದ ಪಟ್ಟಕಟ್ಟಿ, ತನ್ನ ಮಗಳನ್ನು ಅವನಿಗೆ ಧಾರೆಯೆರೆದನು. ಎಂಬತ್ತು ಗಿಲ್ಡರಿಗೆ ಮಾರಾಟವಾದವನು ಸುಲ್ತಾನನ ಮಾವನಾದನು. ಅನಂತರ ತನ್ನ ಪ್ರತಿಸ್ಪರ್ಧಿಯಾದ ರಾಜೂ ದಖ್ಖನಿಯನ್ನು ಸೋಲಿಸಿ, 1610ರಲ್ಲಿ ದೌಲತಾಬಾದಿನ ದುರ್ಗವನ್ನು ರಾಜಧಾನಿಯನ್ನಾಗಿ ಮಾಡಿಕೊಂಡನು. ಆ ಕಾಲದಲ್ಲಿ ಬಂದ ಇಂಗ್ಲಿಷ್ ವರ್ತಕ ವಿಲಿಯಂ ಫಿಂಚನ ಲೆಕ್ಕದಂತೆ ಅವನ ಸೈನ್ಯದಲ್ಲಿ ಹತ್ತು ಸಾವಿರ ಹಬಶಿಗಳೂ ನಲವತ್ತು ಸಾವಿರ ದಖ್ಖನಿಗಳೂ ಇದ್ದರು. ದಖ್ಖನಿಗಳಲ್ಲಿ ಬಹುಭಾಗವು ಮರಾಠಾ ರಾವುತರು. ಎದುರುಬದುರಾಗಿ ನಿಂತು ಕಾದದೆ, ರಾತ್ರಿಯಲ್ಲಿ ಎರಗಿ, ಶತ್ರುವಿನ ದವಸಧಾನ್ಯದ ದಾರಿಯನ್ನು ಕತ್ತರಿಸಿ, ಬೆಳಗಾಗುವಷ್ಟರಲ್ಲಿ ಗುಡ್ಡಗಾಡು ಸೇರುವ ಬರ್ಗೀ ಕಾಳಗವನ್ನು ಅಂಬರನು ಇವರ ಮೂಲಕ ಪೂರ್ಣತೆಗೆ ತಂದನು. ಶಿವಾಜಿಯ ತಂದೆಯಾದ ಶಹಾಜಿಯು ಅವನ ಬಳಿಯಲ್ಲಿಯೇ ಪಳಗಿದವನು. ನಮ್ಮ ಸಂಡೂರನ್ನು ಆಳಿದ ಘೋರ್ಪಡೆಯವರ ಹಿರಿಯರೂ ಬಿಜಾಪುರದ ಸೇವೆಯಲ್ಲಿ ಇಂತಹ ಕುದುರೆಯ ಯುದ್ಧದಿಂದಲೇ ಏಳ್ಗೆಯನ್ನು ಕಂಡವರು.

ಮಗಳ ವಿಷಯವನ್ನು ಹೇಳುತ್ತೇನೆಂದೆನು. ಸುಲ್ತಾನನಿಗೆ ಪರ್ಶಿಯಾ ಮೂಲದ ಹಿರಿಯ ರಾಣಿಯೊಬ್ಬಳಿದ್ದಳು. 1610ರಲ್ಲಿ ಈ ಸವತಿಯರಿಬ್ಬರಿಗೆ ಜಗಳ ಬಿದ್ದಿತು. ಆ ಜಗಳದಲ್ಲಿ ಹಿರಿಯಳು ಅಂಬರನ ಮಗಳನ್ನು ಬರಿಯ ಕಪ್ಪು ದಾಸಿಯೆಂದು ಜರೆದಳು, ಅವಳ ತಂದೆಯನ್ನೂ ಹೀನಾಯವಾಗಿ ಆಡಿದಳು. ಈ ಕಥೆಯನ್ನು ನಮಗೆ ಹೇಳುವವನೂ ಆ ಡಚ್ ವ್ಯಾಪಾರಿಯೇ. ಮಗಳು ಗುಲಾಮಳಾಗಿರಲಿಲ್ಲ. ಸ್ವತಂತ್ರ ತಂದೆಗೆ ಈ ನೆಲದಲ್ಲಿಯೇ ಹುಟ್ಟಿ, ಸುಲ್ತಾನನ ಕೈಹಿಡಿದ ರಾಣಿಯಾಗಿದ್ದಳು. ಮೋಖಾದ ಸಂತೆಯನ್ನು ಅವಳು ಕಂಡವಳೂ ಅಲ್ಲ. ಆದರೂ ಅವಳ ಮುಖದಲ್ಲಿ ಸವತಿಗೆ ಕಂಡುದು ಆ ಸಂತೆಯೇ. ಮಗಳು ತಂದೆಗೆ ದೂರು ಕಳುಹಿಸಿದಳು. ಅಂಬರನು ಸುಲ್ತಾನನಿಗೂ ಆ ರಾಣಿಗೂ ವಿಷವಿಡಿಸಿ, ಸುಲ್ತಾನನ ಐದು ವರ್ಷದ ಮಗನನ್ನು ಗದ್ದುಗೆಯ ಮೇಲೆ ಕೂರಿಸಿದನೆಂದು ಆ ವ್ಯಾಪಾರಿಯು ಬರೆಯುತ್ತಾನೆ. ಅಳಿಯನು ಆಗಲೇ ಮಾವನ ವಿರುದ್ಧ ಸಂಚು ನಡೆಸುತ್ತಿದ್ದನೆಂಬುದೂ ಉಂಟು. ಆದುದರಿಂದ ರಾಜಕಾರಣವೆಷ್ಟು, ನೊಂದ ತಂದೆಯ ಕೋಪವೆಷ್ಟು ಎಂದು ಬೇರ್ಪಡಿಸಲು ಬಾರದು. ಕೊಲೆಯನ್ನು ಸಮರ್ಥಿಸಲು ನಾನು ಸಿದ್ಧನಿಲ್ಲ. ಆದರೆ ಅರವತ್ತು ದಾಟಿದ ಆ ಮುದುಕನು ತನಗಾಗಿ ಎಷ್ಟೋ ಬಾರಿ ನುಂಗಿಕೊಂಡಿರಬಹುದಾದ ಮಾತನ್ನು ಮಗಳಿಗಾಗಿ ನುಂಗಲಾರದೆ ಹೋದನೆಂಬುದು ಮನಸ್ಸಿನಿಂದ ಸುಲಭವಾಗಿ ಹೋಗುವುದಿಲ್ಲ.

ಅಂತಹ ಮಾತನ್ನಾಡಿದವರಲ್ಲಿ ಎಲ್ಲರಿಗಿಂತ ದೊಡ್ಡವನು ಜಹಾಂಗೀರ ಬಾದಶಹನು. ತನ್ನ ಆತ್ಮಕಥೆಯಲ್ಲಿ ಅಂಬರನ ಹೆಸರು ಬಂದಾಗಲೆಲ್ಲ ಈ ರಸಿಕ ಚಕ್ರವರ್ತಿಯು ತಾಳ್ಮೆಗೆಡುತ್ತಾನೆ. ಅವನ ಮುಖದ ಬಣ್ಣವನ್ನೆತ್ತಿ ಬಯ್ಯದೆ ಮುಂದೆ ಹೋಗುವುದು ವಿರಳ. ಅಬುಲ್ ಹಸನನೆಂಬ ಆಸ್ಥಾನದ ಚಿತ್ರಕಾರನಿಂದ ಒಂದು ಚಿತ್ರವನ್ನೂ ಬರೆಯಿಸಿದನು. ಜಹಾಂಗೀರನು ಭೂಗೋಳದ ಮೇಲೆ ನಿಂತು ಬಿಲ್ಲು ಸೆಳೆದಿದ್ದಾನೆ. ಎದುರಿಗೆ ಈಟಿಯ ತುದಿಯಲ್ಲಿ ಅಂಬರನ ಕತ್ತರಿಸಿದ ತಲೆ. ಅದರ ಮೇಲೊಂದು ಗೂಬೆ. ಆ ಚಿತ್ರವು ಈಗ ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಚಿತ್ರದಲ್ಲಿ ಮಾತ್ರವೇ ಬಾದಶಹನು ಆ ತಲೆಯನ್ನು ತೆಗೆದದ್ದು. ಬದುಕಿನಲ್ಲಿ ಅಂಬರನು ಅವನ ಕೈಗೆ ಸಿಕ್ಕಲಿಲ್ಲ, ಮುಖಕ್ಕೆ ಮುಖವಾಗಿ ಎದುರಾಗಲೂ ಇಲ್ಲ.

ಸೋಲುಗಳೇನೋ ಬಂದವು. 1616ರಲ್ಲಿ ಮೊಗಲರು ರೋಷನಗಾಂವಿನಲ್ಲಿ ಗೆದ್ದು, ಅವನು ಕಟ್ಟಿಸಿದ ಖಡ್ಕಿ ಪಟ್ಟಣವನ್ನು ಸುಲಿದು ಸುಟ್ಟರು. ಮರುವರ್ಷ ರಾಜಕುಮಾರ ಖುರ್ರಮನು, ಎಂದರೆ ಮುಂದಿನ ಷಹಜಹಾನನು, ದೊಡ್ಡ ದಂಡಿನೊಡನೆ ಬಂದಾಗ ಗೆದ್ದ ನಾಡನ್ನೆಲ್ಲ ಬಿಟ್ಟುಕೊಡಬೇಕಾಯಿತು. 1620ರಲ್ಲಿ ಮತ್ತೆ ಎದ್ದನು. 1621ರಲ್ಲಿ ಮತ್ತೆ ಬಾಗಿದನು. ಕೊನೆಗೆ 1624ರಲ್ಲಿ ಮೊಗಲರೂ ಬಿಜಾಪುರದವರೂ ಕೂಡಿ ಬಂದರು. ಅಹಮದನಗರದ ಹತ್ತಿರದ ಭಾತವಾಡಿಯಲ್ಲಿ ಎಪ್ಪತ್ತಾರು ವರ್ಷದ ಅಂಬರನು ಅಲ್ಲಿಯ ಕೆರೆಯ ಏರಿಯನ್ನು ಒಡೆಯಿಸಿ ಶತ್ರುವಿನ ದಾರಿಯನ್ನು ಕೆಸರುಮಾಡಿದನು. ಮದ್ದು ಗುಂಡುಗಳ ಬಂಡಿಗಳು ಹೂತುಹೋದವು, ಆಹಾರವು ಮುಗಿಯಿತು, ರಾತ್ರಿಯ ದಾಳಿಗಳು ನಿದ್ರೆಗೆಡಿಸಿದವು. ಬಿಜಾಪುರದ ಸೇನಾಪತಿ ಮುಲ್ಲಾ ಮುಹಮ್ಮದ ಲಾರಿಯು ಮಡಿದನು. ಶಹಾಜಿಯ ತಮ್ಮ ಶರೀಫಜಿಯು ಅಂಬರನ ಪಕ್ಷದಲ್ಲಿ ಕಾದಿ ಬಿದ್ದನು. ಈ ಗೆಲವಿನ ಮದದಲ್ಲಿ ಅಂಬರನು ಬಿಜಾಪುರದವರೆಗೂ ನುಗ್ಗಿ, ಸಂಗೀತಪ್ರಿಯನಾದ ಇಬ್ರಾಹಿಮನು ಇಪ್ಪತ್ತೈದು ವರ್ಷಗಳಿಂದ ಕಟ್ಟಿಸುತ್ತಿದ್ದ ನೌರಸಪುರವನ್ನು ಸುಲಿದು ಸುಟ್ಟನು. ತನಗೆ ಮಲಿಕನೆಂಬ ಬಿರುದನ್ನು ಕೊಟ್ಟ ರಾಜ್ಯವೆಂಬ ನೆನಪಾದರೂ ಅವನ ಕೈಯನ್ನು ತಡೆಯಬೇಕಾಗಿತ್ತು. ಖಡ್ಕಿಯು ಉರಿದುದನ್ನು ಕಂಡವನು ನೌರಸಪುರವನ್ನು ಉರಿಸಿದುದು ಅವನ ಕೀರ್ತಿಗೆ ಕಲಂಕವೇ ಸರಿ.

ಇನ್ನೊಂದನ್ನೂ ಮುಚ್ಚಿಡಬಾರದು. ಸ್ವತಃ ಗುಲಾಮನಾಗಿದ್ದವನು ಗುಲಾಮಗಿರಿಯನ್ನು ತೊಡೆಯಲಿಲ್ಲ. ತಾನೂ ಹಬಶಿ ಬಾಲಕರನ್ನು ಕೊಂಡು ತರಿಸಿ ತನ್ನ ಕಾವಲುಪಡೆಯನ್ನು ಕಟ್ಟಿಕೊಂಡನು. ಚಂಗೀಜಖಾನನ ಮನೆಯಲ್ಲಿ ತಾನು ಪಡೆದುದನ್ನೇ ಅವರಿಗೆ ಕೊಡುತ್ತಿದ್ದೇನೆಂದು ಅವನು ಭಾವಿಸಿರಬಹುದು. ಆದರೆ ಪ್ರತಿಯೊಬ್ಬ ಹುಡುಗನ ಹಿಂದೆಯೂ, ಯಾವುದೋ ಹಳ್ಳಿಯಲ್ಲಿ, ಅವನ ಮೊದಲ ಹೆಸರನ್ನು ಕರೆಯುತ್ತ ಉಳಿದ ತಾಯಿಯೊಬ್ಬಳಿದ್ದಳು.

ಯುದ್ಧಗಳ ನಡುವೆ ಅವನು ಕಟ್ಟಿದುದೂ ಕಡಿಮೆಯಲ್ಲ. ಭೂಮಿಯನ್ನು ಅದರ ಗುಣಕ್ಕೆ ತಕ್ಕಂತೆ ವಿಂಗಡಿಸಿ ಕಂದಾಯವನ್ನು ಗೊತ್ತುಮಾಡಿದನು. ಕಂದಾಯವನ್ನು ಗುತ್ತಿಗೆಗೆ ಹರಾಜು ಹಾಕುವ ಪದ್ಧತಿಯನ್ನು ತಡೆದನು. ಊರಿನ ಪಟೇಲ ಕುಲಕರ್ಣಿಗಳನ್ನೇ ಹೊಣೆಮಾಡಿದನು. ಖಡ್ಕಿಗೆ ದೂರದ ಸೆಲೆಗಳಿಂದ ನೆಲದೊಳಗಿನ ಕಾಲುವೆಯ ಮೂಲಕ ನೀರನ್ನು ತಂದನು. ಎತ್ತಿನ ಕಪಿಲೆಯಿಲ್ಲದೆ, ಬರಿಯ ಇಳಿಜಾರಿನ ಲೆಕ್ಕದಿಂದ ನೀರು ಊರಿನ ತೊಟ್ಟಿಗಳಿಗೆ ಹರಿದುಬರುತ್ತಿತ್ತು. ನಹರ್ ಎ ಅಂಬರಿಯೆಂಬ ಆ ಕಾಲುವೆಯು ಶತಮಾನಗಳ ಕಾಲ ಜನಕ್ಕೆ ನೀರು ಕೊಟ್ಟಿತು. ಹಂಪೆಯ ಕಲ್ಲಿನ ಕಾಲುವೆಗಳನ್ನು ಕಂಡಿರುವ ನಮಗೆ ಇದರ ಬೆಲೆಯು ತಿಳಿಯುತ್ತದೆ. ಊರಿನ ಹೆಸರು ಮಾತ್ರ ನಿಲ್ಲಲಿಲ್ಲ. ಅವನ ಮಗನ ಕಾಲಕ್ಕೆ ಅದು ಫತೇನಗರವಾಯಿತು, ಅನಂತರ ಔರಂಗಾಬಾದಾಯಿತು, 2023ರಿಂದ ಛತ್ರಪತಿ ಸಂಭಾಜಿನಗರವಾಗಿದೆ. ಕಟ್ಟಿದವನಂತೆಯೇ ಪಟ್ಟಣಕ್ಕೂ ಹೆಸರಿನ ಮೇಲೆ ಹೆಸರು.

ವಾನ್ ಡೆನ್ ಬ್ರೂಕನು 1617ರಲ್ಲಿ ಅವನ ಬೀಡಿಗೆ ಬಂದಾಗ ಕಂಡುದು ಎತ್ತರದ, ಗಟ್ಟಿಮುಟ್ಟಾದ, ಕಠೋರ ಮುಖಮುದ್ರೆಯ ಕಪ್ಪು ವೃದ್ಧನನ್ನು. ಆ ಮುಖವು ಅವನಿಗೆ ಪ್ರಾಚೀನ ರೋಮನರ ಮುಖದಂತೆ ತೋರಿತು. ಬಾಗ್ದಾದಿನವನು ಸುಗಂಧವನ್ನು ಕಂಡನು, ಜಹಾಂಗೀರನು ಗೂಬೆಯನ್ನು ಕಂಡನು, ಹಾಲೆಂಡಿನವನು ರೋಮನನನ್ನು ಕಂಡನು. ಸಾಮಾನ್ಯ ದಖ್ಖನಿಯು ಮಾತ್ರ ತನ್ನ ನಾಡಿನ ಒಬ್ಬ ಯಜಮಾನನನ್ನು ಕಂಡಿರಬೇಕು. ಇಲ್ಲದಿದ್ದರೆ ಸೋತ ಮೇಲೂ ಮತ್ತೆ ಮತ್ತೆ ಆ ನಲವತ್ತು ಸಾವಿರ ಜನರು ಅವನ ಹಿಂದೆ ಬರುತ್ತಿರಲಿಲ್ಲ. ಆ ಕಾಲದ ಚಿತ್ರಗಳಲ್ಲಿ ಅವನು ಬಿಳಿಯ ದಖ್ಖನಿ ಅಂಗಿಯನ್ನು ತೊಟ್ಟು ನಿಂತಿದ್ದಾನೆ. ಬಣ್ಣವನ್ನು ತಿಳಿಮಾಡಿ ಬರೆಯೆಂದು ಚಿತ್ರಕಾರನಿಗೆ ಯಾರೂ ಹೇಳಿದಂತಿಲ್ಲ.

ಅವನ ಬಳಿಕವೂ ಹಬಶಿಗಳು ದಖ್ಖನದಲ್ಲಿ ಪ್ರಬಲರಾಗಿಯೇ ಉಳಿದರು. ಮುಹಮ್ಮದ ಆದಿಲಶಹನ ಮಂತ್ರಿಯಾದ ಇಖ್ಲಾಸಖಾನನು, ಶಿರಾದಲ್ಲಿ ಗೋರಿಯಿರುವ ಮಲಿಕ್ ರೈಹಾನನು ಅವರಲ್ಲಿ ಕೆಲವರು. ನಮ್ಮ ಬಳ್ಳಾರಿಗೆ ನೆರೆಯ ಆದವಾನಿಯನ್ನು ಆಳಿ, ಅಲ್ಲಿಯ ಜಾಮಿಯಾ ಮಸೀದಿಯನ್ನು ಕಟ್ಟಿಸಿದ ಸಿದ್ದಿ ಮಸೂದಖಾನನೂ ಹಬಶಿಯೇ. 1678ರಿಂದ 1683ರವರೆಗೆ ಬಿಜಾಪುರದ ಆಡಳಿತವು ಅವನ ಕೈಯಲ್ಲಿತ್ತು. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಇಂದು ಬಾಳುತ್ತಿರುವ ಸಿದ್ದಿಗಳ ಕಥೆಯು ಬಹುಮಟ್ಟಿಗೆ ಬೇರೆ. ಅವರ ಪೂರ್ವಿಕರಲ್ಲಿ ಹೆಚ್ಚಿನವರು ಪೋರ್ಚುಗೀಸರ ಗೋವೆಯಿಂದ ಬಂದವರು. ಕನ್ನಡ ಕೊಂಕಣಿಗಳನ್ನಾಡುವ ಅವರು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಅವರ ಮಕ್ಕಳನ್ನು ಪೇಟೆಯಲ್ಲಿ ಕಂಡು, ಯಾವ ದೇಶದವರೆಂದು ಇಂಗ್ಲಿಷಿನಲ್ಲಿ ಕೇಳುವವರು ಇನ್ನೂ ಇದ್ದಾರೆ.

ಅಂಬರನು 1626ರ ಮೇ ತಿಂಗಳಲ್ಲಿ, ಸುಮಾರು ಎಪ್ಪತ್ತೆಂಟು ವರ್ಷದವನಾಗಿ ತೀರಿಕೊಂಡನು. ಆಗಲೂ ಸೈನ್ಯವು ಅವನದು, ರಾಜ್ಯವು ಅವನ ಹಿಡಿತದಲ್ಲಿ. ಜಹಾಂಗೀರನ ಆಸ್ಥಾನದ ಇತಿಹಾಸಕಾರನಾದ ಮುತಮದಖಾನನು, ತನ್ನ ಒಡೆಯನ ಬೈಗುಳನ್ನು ಬದಿಗಿಟ್ಟು, ಗುಲಾಮನೊಬ್ಬನು ಇಷ್ಟು ಎತ್ತರಕ್ಕೆ ಏರಿದ ಇನ್ನೊಂದು ನಿದರ್ಶನವು ಚರಿತ್ರೆಯಲ್ಲಿ ಇಲ್ಲವೆಂದು ಬರೆದನು. ಮಗ ಫತೇಖಾನನಿಗೆ ತಂದೆಯ ಧೈರ್ಯವೂ ಬರಲಿಲ್ಲ, ನಿಷ್ಠೆಯೂ ಬರಲಿಲ್ಲ. 1633ರಲ್ಲಿ ಅವನು ದೌಲತಾಬಾದನ್ನು ಮೊಗಲರಿಗೆ ಒಪ್ಪಿಸಿದನು. ಮೂರು ವರ್ಷಗಳಲ್ಲಿ ನಿಜಾಮಶಾಹಿಯು ಅಳಿಯಿತು. ಶಹಾಜಿಯು ಬಿಜಾಪುರದ ಸೇವೆಗೆ ಸೇರಿ, ಅಂಬರನಲ್ಲಿ ಕಲಿತ ಯುದ್ಧವಿದ್ಯೆಯೊಡನೆ 1638ರಲ್ಲಿ ನಮ್ಮ ಬೆಂಗಳೂರಿಗೆ ಬಂದನು.

ಸೂಫಿ ಸಂತರ ಸಮಾಧಿಗಳಿಗೆ ಹೆಸರಾದ ಖುಲ್ದಾಬಾದಿನಲ್ಲಿ, ದೌಲತಾಬಾದಿನ ದುರ್ಗದಿಂದ ಅಷ್ಟು ದೂರವಲ್ಲದೆ, ಬದುಕಿದ್ದಾಗಲೇ ತಾನೇ ಕಟ್ಟಿಸಿಕೊಂಡ ಗುಮ್ಮಟದ ಕೆಳಗೆ ಅಂಬರನು ಮಲಗಿದ್ದಾನೆ. ಅಲ್ಲಿಯೇ ಸಮೀಪದಲ್ಲಿ, ಅದಕ್ಕಿಂತ ಚಿಕ್ಕದಾದ ಇನ್ನೊಂದು ಗುಮ್ಮಟದಲ್ಲಿ, ಅವನ ಹೆಂಡತಿ ಕರೀಮಾ.